ಟೇಪಿನೊಳಗಿನ ಇಂಗ್ಲಿಷ್

"ಮಗಳ ಕೈಯಾಗ ಸುತ್ತಿಗಿ ಕೊಡಬ್ಯಾಡ್ರಿ, ಕಾಲೇಜಿಗಿ ಕಳಸ್ರಿ." ನನ್ನ ಹೆಂಡತಿ ಸಾಯುವಾಗ ಕಡೀಗೆ ಆಡಿದ ಮಾತು ಇಷ್ಟೇ. ನಾನು ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವನು.

ಮಗಳು ಶಾಂತಾ ಬೋರ್ಡಿನ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಇಡೀ ಶಾಲೆಗೇ ಹೆಚ್ಚು ಅಂಕ ತಗೊಂಡಳು. ಆ ಕಾಗದ ಹಿಡಿದು ಇಬ್ಬರೂ ಹೈದರಾಬಾದಿನ ನರ್ಸಿಂಗ್ ಕಾಲೇಜಿಗೆ ಹೋದೆವು. ಅಲ್ಲಿಯ ಮೇಡಂ ನಮ್ಮ ಕಡೆಯವರೇ; ಕಾಗದ ನೋಡಿ ಪಕ್ಕಕ್ಕಿಟ್ಟರು.

"ಇದು ನಿಮ್ಮ ಬೋರ್ಡಿಂದು. ಇಲ್ಲಿ ಇಡೀ ದೇಶದ ಹುಡುಗ್ಯಾರು ಬರತಾರ. ನಮ್ಮ ಪರೀಕ್ಷಾನೇ ಬ್ಯಾರೆ."

ಮೇಜಿನ ಮೇಲಿನ ಟೇಪಿನ ಗುಂಡಿ ಒತ್ತಿದರು. ಒಳಗಿಂದ ಯಾರೋ ಇಂಗ್ಲಿಷ್ ಮಾತಾಡಿದ. ಕೇಳಿದ್ದನ್ನು ಬರೆಯಬೇಕಂತೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಶಾಂತಾಳ ಹಾಳೆ ಬೆಳ್ಳಗೇ ಉಳಿಯಿತು.

"ನಿಮ್ಮ ಮಾಸ್ತರ ಇಂಗ್ಲಿಷ್ ಮಾತಾಡತಿರಲಿಲ್ಲೇನ?" ಮಗಳನ್ನು ಕೇಳಿದೆ.

"ಇಲ್ಲಪಾ. ಇಂಗ್ಲಿಷ್ ಪಾಠಾನೂ ಕನ್ನಡದಾಗೇ ಹೇಳತಿದ್ದರು."

ಕಲ್ಲು ಕಣ್ಣಿಗೆ ಎಷ್ಟೇ ಚೊಲೊ ಕಂಡರೂ ಒಳಗೆ ಬಿರುಕಿದೆಯೇನೋ ಅಂತ ನಾವು ಸುತ್ತಿಗೆಯಿಂದ ಬಡಿದು ಸಪ್ಪಳ ಕೇಳುತ್ತೇವೆ. ಮಗಳ ಇಂಗ್ಲಿಷಿನ ಸಪ್ಪಳ ನಾನು ಒಮ್ಮೆಯೂ ಕೇಳಿರಲಿಲ್ಲ. ಆಕೆಯೂ ಕೇಳಿರಲಿಲ್ಲ.

"ತಿಂಗಳ ಬಿಟ್ಟು ಮತ್ತೊಮ್ಮೆ ಬರ್ರಿ," ಅಂದರು ಮೇಡಂ. "ಅದೇ ಕಡೀದು."

ಮರುದಿನ ಮುಂಜಾನೆ ಗಣಿಗೆ ಹೋಗಲಿಲ್ಲ. ಶಾಂತಾಳನ್ನು ವಾಡಿ ಟೇಷನ್ನಿಗೆ ಕರೆದೊಯ್ದು ಮೈಕಿನ ಭೋಂಗಾದ ಕೆಳಗೆ ಕೂಡಿಸಿ, ಕೇಳಿದ್ದನ್ನು ಬರಿ ಅಂತ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟೆ. ಅದರಲ್ಲಿ ಗಾಡಿಯ ಸುದ್ದಿ ಇಂಗ್ಲಿಷಿನಲ್ಲೂ ಹೇಳುತ್ತಾರೆ. ಅವತ್ತು ಮದ್ರಾಸ್ ಗಾಡಿ ಎರಡು ತಾಸು ತಡ ಅಂತ ಮತ್ತೆ ಮತ್ತೆ ಕೂಗಿದರು. ಮಂದಿಯೆಲ್ಲಾ ಬೈದರು. ನಾನೊಬ್ಬನೇ ಭೋಂಗಾಕ್ಕೆ ಕೈಮುಗಿದೆ.