ಖಾಲಿ ಬಾರದ ಐಸ್ ಟ್ರೇ

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಕೊಬ್ಬರಿ ಎಣ್ಣೆ, ಕೋಕೋ ಬೆಣ್ಣೆ ಕರಗಿಸಿ, ಗುಲಾಬಿ ಅತ್ತರು ಬೆರೆಸಿ ಸ್ನಾನದ ನೀರಿಗೆ ಹಾಕುವ ಬಿಲ್ಲೆ ಮಾಡುತ್ತಿದ್ದರು. ಬಿಸಿನೀರಿನ ಬಕೆಟ್ಟಿನಲ್ಲಿ ಒಂದು ಕರಗಿದರೆ ಸಾಕು, ಚಳಿಗಾಲದಲ್ಲೂ ಮೈ ಒಡೆಯುತ್ತಿರಲಿಲ್ಲ. ಅಚ್ಚಿಗೆಂದು ನಮ್ಮ ಐಸ್ ಟ್ರೇ ಒಯ್ಯುವರು. ತಿರುಗಿ ಕೊಡುವಾಗ ಅದರಲ್ಲಿ ನಾಲ್ಕು ಬಿಲ್ಲೆ ಇದ್ದೇ ಇರುತ್ತಿದ್ದವು. ಬೇಡವೆಂದರೆ, ಸೆರಗಿನಿಂದ ಟ್ರೇಯ ಅಂಚು ಒರೆಸುತ್ತ, "ಖಾಲಿ ಹೆಂಗ ಕೊಡ್ಲಿರಿ?" ಎನ್ನುವರು.

ಐಸಿಗೆಲ್ಲ ಅತ್ತರಿನ ವಾಸನೆ ಹಿಡಿಯುತ್ತದೆಂದು ನನಗೆ ಸಿಟ್ಟು. ಒಂದು ದಿನ ಹೊಸ ಟ್ರೇ ತಂದು, "ಇದು ನಿಮಗ ಇರಲಿ. ತಿರುಗಿ ಕೊಡೂದು ಬ್ಯಾಡ್ರಿ" ಎಂದೆ.

ಅದರ ಅಂಚನ್ನೂ ಅವರು ಸೆರಗಿನಿಂದ ಒರೆಸಿದರು. "ಆತ್ರಿ" ಎಂದರು. ಆಮೇಲೆ ನಮ್ಮ ಬಾಗಿಲಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಬೇಸಿಗೆಯಲ್ಲಿ ಮನೆ ಬಿಟ್ಟು ಮುಂಡರಗಿಗೆ ಹೋದರು.

ಈಗ ನಮ್ಮ ಐಸಿಗೆ ಯಾವ ವಾಸನೆಯೂ ಇಲ್ಲ.