ಮದುವೆಯ ಪ್ಯಾಂಟು

ಸಾಯುವ ಹಿಂದಿನ ದಿನವೂ ಪ್ರಮಿಲಾಳ ಗಂಡ ದತ್ತಾತ್ರೇಯ ಬಚ್ಚಲಲ್ಲಿ ಹಾಡಿದ, ಚಹಾಕ್ಕೆ ಸಕ್ಕರೆ ಸಾಲದೆಂದು ಗೊಣಗಿದ, ಮನೆ ಮಾಲೀಕನನ್ನು ಬೈದ. ರೊಟ್ಟಿ ಬಡಿಯುವ ಸದ್ದಿಗೆ ಇನ್ನೊಂದು ದೂರು ಬಂದರೆ ಮನೆ ಬಿಡಬೇಕು ಎಂದು ಮಾಲೀಕ ಹೇಳಿಹೋಗಿದ್ದ.

ಮುಂಬೈಯಲ್ಲಿ ಸಮುದ್ರವಿದೆ ಎನ್ನುತ್ತಾರೆ. ಅವರ ಕಿಟಕಿಯಲ್ಲಿದ್ದದ್ದು ಪಕ್ಕದ ಕಟ್ಟಡದ ಗೋಡೆ. ಅಕೌಂಟೆಂಟ್ ದತ್ತಾತ್ರೇಯ ತನ್ನೂರು ಮಣ್ಣೂರಲ್ಲಿ ಸಾಹೇಬ. ಇಲ್ಲಿ ಸ್ನಾನಕ್ಕೆ ಕೂತರೆ ಮೊಣಕಾಲು ಬಾಗಿಲಿಗೆ ಬಡಿಯುತ್ತಿತ್ತು. ಪಗಾರದ ಅರ್ಧ ಬಾಡಿಗೆಗೇ ಹೋಗುತ್ತಿತ್ತು. ಸಂಸಾರ ನಡೆದದ್ದು ಪ್ರಮಿಲಾಳ ರೊಟ್ಟಿಯಿಂದ. ಅಫಜಲಪುರ, ಜೇವರ್ಗಿ ಕಡೆಯ ನೌಕರದಾರರು ದಿನಾ ಬಂದು ಒಯ್ಯುತ್ತಿದ್ದರು. ಜೋಳದ ರೊಟ್ಟಿ ಬಡಿಯದೆ ಆಗುವುದಿಲ್ಲ. ಬಡಿದರೆ ಕೆಳಮನೆಯ ಸರ್ವರಬೇಗಂಗೆ ತಲೆನೋವು, ದೂರು ಅವಳದೇ. ಅವಳೂ ಆಳಂದದವಳೇ, ಅದೇ ಸದ್ದಿನಲ್ಲಿ ಬೆಳೆದವಳೇ. ಮುಂಬೈಗೆ ಬಂದಮೇಲೆ ಕಿವಿ ನಾಜೂಕಾಗಿತ್ತು.

ಅಂದು ದತ್ತಾತ್ರೇಯ ಟ್ರಂಕಿನಿಂದ ತನ್ನ ಮದುವೆಯ ಪ್ಯಾಂಟು ತೆಗೆದ. ಹೊಟ್ಟೆ ಬಂದಮೇಲೆ ಹಾಕಿರಲಿಲ್ಲ, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮಡಿಚಿ ರೊಟ್ಟಿ ಹಲಗೆಯ ಕೆಳಗಿಟ್ಟ.

“ಇನ್ನ ಬಡಿ. ಆಳಂದದ ರಾಣಿ ನಿದ್ದಿ ಮಾಡ್ಲಿ.”

ಸದ್ದು ನಿಂತಿತು. ಮರುದಿನ ಸ್ಟೇಶನ್ನಿನ ಮೆಟ್ಟಿಲ ಮೇಲೆ ಅವನ ಎದೆಯೂ ನಿಂತಿತು.

ಸತ್ತ ತಮ್ಮನ ದಿನಕಾರ್ಯಕ್ಕೆ ಬಂದ ಭಾವ ದೌಲತರಾಯ ಮಲಗಿದರೆ ಕಾಲು ಬಾಗಿಲಾಚೆ ಹೋಗುತ್ತಿದ್ದವು.

“ಇದು ಮನೀನೋ ಕಪಾಟೋ? ಗಂಡ ಇದ್ದಾಗೇ ಸಾಲಲಿಲ್ಲ. ಈಗೇನ ತಿಂತಿ ತಂಗಿ? ನಡಿ ಊರಿಗೆ.”

ಊರಲ್ಲಿ ಜಾಗ ಬೇಕಾದಷ್ಟಿತ್ತು. ಪ್ರಮಿಲಾಳದು ಎನ್ನುವ ಒಲೆ ಇರಲಿಲ್ಲ. ಇಲ್ಲೇ ರೊಟ್ಟಿ ಬಡಿದು ಉಣ್ಣುತ್ತೇನೆ ಎನ್ನಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಸರ್ವರಬೇಗಂ ಮೇಲೆ ಬಂದಳು. ಇನ್ನೊಂದು ದೂರು ಎಂದುಕೊಂಡು ಪ್ರಮಿಲಾ ಎದ್ದು ನಿಂತಳು. ಬಂದವಳು ಕೂತು ಅತ್ತು, ಸೆರಗಲ್ಲಿ ಮೂಗೊರೆಸಿಕೊಂಡಳು.

“ಇಂಥಾ ಹೊತ್ತನ್ಯಾಗ ಹೇಳಬಾರದು. ನಿನ್ನ ಸಪ್ಪಳ ಇಲ್ಲಂದ್ರ ನನ್ನ ಮಗ ಮುಜೀಬ ಏಳಂಗಿಲ್ಲ ಬೇ. ದಿನಾ ಗಾಡಿ ತಪ್ಪಸ್ತಾನ. ಮೊಬೈಲ್ ಹೊಡ್ಕೋತದ, ಅಂವ ಹೊರಳಿ ಮಲಗ್ತಾನ.”

“ಮಾಲಕಗ ಏನ್ ಹೇಳ್ತೀರಿ ಮತ್ತ?”

“ಕಿವುಡಿ ಆಗೇನಿ ಅಂತ ಹೇಳ್ತೇನಿ.”

ಹಾಗೇ ಹೇಳಿದಳು. ಮಾಲೀಕ ಬಾಡಿಗೆ ಕರಾರು ಮುಂದುವರಿಸಿದ. ದೌಲತರಾಯ ಬುತ್ತಿಗೆ ರೊಟ್ಟಿ ಕಟ್ಟಿಸಿಕೊಂಡು, ಹೆಂಗಸರ ಬುದ್ಧಿಯನ್ನು ಬೈಯುತ್ತ ಒಬ್ಬನೇ ಗಾಡಿ ಹತ್ತಿದ.

ಈಗ ಹಲಗೆಯ ಕೆಳಗೆ ಪ್ಯಾಂಟು ಬೇಕಿಲ್ಲ. ಆದರೂ ನಸುಕಿಗೆದ್ದು ಪ್ರಮಿಲಾ ಅದನ್ನು ತೆಗೆಯುತ್ತಾಳೆ, ಝಾಡಿಸುತ್ತಾಳೆ, ಮಡಿಚಿ ನೆಲಕ್ಕೆ ಹಾಕುತ್ತಾಳೆ. ಬದುಕಿದ್ದರೆ ಬೈಯುತ್ತಿದ್ದ. ಅದರ ಮೇಲೆ ಕುಂಡಿಯೂರಿ ಕೂತು ಹಿಟ್ಟು ನಾದುತ್ತಾಳೆ.