ಎಳ್ಳಮಾವಾಸ್ಯೆಯಂದು ತೆರೆದಿಟ್ಟ ಶಾಲೆ

ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ ಪ್ರಬಂಧಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. "ನಿವೃತ್ತಿಯಾದ ಮೇಲೆ ಇಷ್ಟೊಂದು ಶ್ರಮ ಯಾಕೆ ತೆಗೆದುಕೊಂಡಿರಿ? ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲವೇ?" ಎಂದರು. ಕೋಣೆಯಲ್ಲಿದ್ದವರು ನಕ್ಕರು. ಯಾರು ಯಾರು ನಕ್ಕರೆಂಬುದು ಅವರು ಕುಳಿತಿದ್ದ ಕ್ರಮದಲ್ಲೇ ನನಗೆ ಇಂದಿಗೂ ನೆನಪಿದೆ.

ಬೀದರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ಕೈಗೊಂಡ ಆ ಸಂಶೋಧನೆಯ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬಹುದು: ಮಣ್ಣು, ನೀರು, ಬೀಜಗಳ ಪಾಠ ನಡೆಯಬೇಕಾದದ್ದು ಹೊಲದ ಕಾಲಕ್ಕೆ ತಕ್ಕಂತೆ, ಶಾಲೆಯ ಅನುಕೂಲಕ್ಕೆ ತಕ್ಕಂತೆ ಅಲ್ಲ. ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಇದನ್ನು ಕಂಡುಕೊಂಡೆ. ಬೀಜ ಮೊಳೆಯುವ ಪಾಠ ಚಳಿಗಾಲದಲ್ಲಿ ಬಂದರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಮೃಗಶಿರಾ ಮಳೆಗೆ ಮನೆಯವರು ಹೆಸರು, ಉದ್ದು ಬಿತ್ತುವ ವಾರದಲ್ಲಿ ಬಂದರೆ ಶಿಕ್ಷಕರನ್ನೇ ತಿದ್ದುತ್ತಾರೆ. ಮಳೆಯ ನಕ್ಷತ್ರಗಳಿಗೂ ಬೆಳೆಗಳಿಗೂ ಪಾಠಗಳನ್ನು ಹೊಂದಿಸಿ ನಾನೊಂದು ವರ್ಷದ ಕ್ರಮವನ್ನೇ ರೂಪಿಸಿದೆ. ಅದಕ್ಕೆ ಹೊಲದ ಪಂಚಾಂಗ ಎಂದು ಹೆಸರಿಟ್ಟೆ.

ಹೊತ್ತು ಕಳೆಯಲೆಂದು ಬರೆದದ್ದೆಂದು ಬೇರೆಯವರು ನಕ್ಕ ಆ ಪ್ರಬಂಧವನ್ನು ಯುರೋಪಿನ ಒಬ್ಬ ಪ್ರಾಧ್ಯಾಪಕಿ ಓದಿದರು. ಮೂರು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಶಾಲಾ ಮಕ್ಕಳಿಗೆ ಸುಸ್ಥಿರತೆಯ ಶಿಕ್ಷಣ ಕೊಡುವ ಯೋಜನೆಯೊಂದನ್ನು ಅವರು ಕಟ್ಟುತ್ತಿದ್ದರು. ಅದನ್ನು ಮುನ್ನಡೆಸಲು ನನ್ನನ್ನು ಕರೆದರು. ಒಪ್ಪಂದ ಸ್ಪಷ್ಟವಾಗಿತ್ತು. ಹೊಲದ ಪಂಚಾಂಗವನ್ನು ಒಂದು ವರ್ಷ ನಮ್ಮ ಜಿಲ್ಲೆಯಲ್ಲಿ ನಡೆಸಿ ನೋಡುವುದು. ಪರಿಶೀಲನೆಗೆ ಬಂದವರು ಮೆಚ್ಚಿದರೆ ಮೂರೂ ದೇಶಗಳಲ್ಲಿ ಆಯಾ ನೆಲದ ಕಾಲಕ್ಕೆ ತಕ್ಕಂತೆ ಪಂಚಾಂಗ ಬರೆಸುವುದು. ಮೆಚ್ಚದಿದ್ದರೆ ಎಲ್ಲೆಡೆಗೂ ಒಂದೇ ವೇಳಾಪಟ್ಟಿ ಹಾಕುವುದು. ನನ್ನ ಅಷ್ಟು ವರ್ಷಗಳ ಕೆಲಸ ಉಳಿಯುವುದೂ ಅಳಿಯುವುದೂ ಆ ಒಂದು ಪರಿಶೀಲನೆಯ ಮೇಲೆ ನಿಂತಿತ್ತು.

ಮುಖ್ಯಸ್ಥೆ ನಾನಾದರೂ ಸಂಯೋಜಕ ಬೆಂಗಳೂರಿನಲ್ಲಿದ್ದ. ಮೊಮ್ಮಗನ ವಯಸ್ಸಿನವನು, ಚುರುಕು, ಮಾತಿನಲ್ಲಿ ವಿನಯ. ಸಭೆಗಳಲ್ಲಿ ನನ್ನ ಮಾತು ಮುಗಿದೊಡನೆ "ಮೇಡಂ ಹೇಳ್ತಿರೋದೇನಂದ್ರೆ" ಎಂದು ನಾನು ಹೇಳದೇ ಇದ್ದುದನ್ನು ಎಲ್ಲರಿಗೂ ವಿವರಿಸುತ್ತಿದ್ದ. ಪರಿಶೀಲನೆಯ ದಿನವನ್ನು ಗೊತ್ತುಮಾಡಿದವನೂ ಅವನೇ. ಮೊದಲ ದಿನ ಭಾಲ್ಕಿ, ಮರುದಿನ ಔರಾದ್ ತಾಲ್ಲೂಕಿನ ಸಂತಪುರ. ಆ ಮರುದಿನ ಎಳ್ಳಮಾವಾಸ್ಯೆ.

"ಅವತ್ತು ಎಳ್ಳಮಾವಾಸ್ಯೆ ಇದೆ" ಎಂದೆ, ಪರದೆಯ ಮೇಲಿನ ಎಲ್ಲ ಮುಖಗಳೆದುರು.

"ನೋಡಿದೆ ಮೇಡಂ. ಸರ್ಕಾರಿ ರಜೆ ಅಲ್ವಲ್ಲ."

"ಸರ್ಕಾರಿ ರಜೆಯಲ್ಲ. ಆದರೆ ಅಂದು ನಮ್ಮಲ್ಲಿ ಊರೇ ಹೊಲಕ್ಕೆ ಹೋಗುತ್ತದೆ. ಶಾಲೆಗಳಿಗೆ ಸ್ಥಳೀಯ ರಜೆ ಕೊಡುತ್ತಾರೆ."

"ಒಂದಿನ ಬನ್ನಿ ಅಂದ್ರೆ ಮಕ್ಕಳು ಬರಲ್ವಾ? ಫಾರಿನ್‌ನಿಂದ ಬರ್ತಿದಾರೆ ಅಂದ್ರೆ ಓಡಿ ಬರ್ತಾರೆ. ನೀವು ಟೆನ್ಷನ್ ಮಾಡ್ಕೋಬೇಡಿ."

ನಾನು ಲಿಖಿತವಾಗಿಯೂ ಆಕ್ಷೇಪಿಸಿದೆ. ಅವನು ಉತ್ತರ ಬರೆಯಲಿಲ್ಲ. ಬದಲಿಗೆ ನನಗೆ ತಿಳಿಸದೆ ಸಂತಪುರದ ಮುಖ್ಯೋಪಾಧ್ಯಾಯರಿಗೆ ನೇರವಾಗಿ ಫೋನ್ ಮಾಡಿ, ಅಂದು ಶಾಲೆ ತೆರೆದಿರಲೇಬೇಕೆಂದು ಹೇಳಿದ. ಆ ಮುಖ್ಯೋಪಾಧ್ಯಾಯರು ನನ್ನ ಹಳೆಯ ವಿದ್ಯಾರ್ಥಿ. ನಾನು ಕೇಳಿದಾಗ ಅವರು ಸಂಕೋಚದಿಂದ ಹೇಳಿದರು:

"ನೀವೇ ಹೇಳಿ ಕಳಿಸೀರಿ ಅಂತ ತಿಳ್ಕೊಂಡೆ ಮೇಡಂ ಅವ್ರ. ಬೆಂಗಳೂರಿಂದ ಫೋನ್ ಬಂತಂದ್ರ ಇಲ್ಲ ಅನ್ನಾಕ ಹ್ಯಾಂಗ ಬರ್ತದ್ರಿ?"

"ಮಕ್ಕಳು?"

"ಸಾಲಿ ಚಾಲೂ ಇಡ್ತೇನಿ ಅಂತ ಹೇಳೀನ್ರಿ. ಮಕ್ಕಳ್ನ ತರ್ತೇನಿ ಅಂತ ಹೇಳಿಲ್ರಿ."

ಭಾಲ್ಕಿಯ ದಿನ ನಿರ್ವಿಘ್ನವಾಗಿ ಕಳೆಯಿತು. ಮಕ್ಕಳು ಕರಿಮಣ್ಣಿನ ಹೆಂಟೆ ಒಡೆದು ತೇವದ ಪಾಠ ಒಪ್ಪಿಸಿದರು. ಪರಿಶೀಲನೆಗೆ ಬಂದ ಪ್ರಾಧ್ಯಾಪಕಿ ಗಂಭೀರವಾಗಿ ಬರೆದುಕೊಂಡರು. ನಿರ್ಣಯ ಸಂತಪುರಕ್ಕೆ ಉಳಿಯಿತು.

ಮರುದಿನ ಬೀದರಿನಿಂದ ಹೊರಟಾಗ ಅಂಗಡಿಗಳ ಬಾಗಿಲು ಮುಚ್ಚಿದ್ದವು. ದಾರಿಯುದ್ದಕ್ಕೂ ಎತ್ತಿನ ಬಂಡಿ, ಟ್ರ್ಯಾಕ್ಟರ್, ಆಟೊಗಳ ಮೇಲೆ ಬುಟ್ಟಿ ಹೊತ್ತ ಕುಟುಂಬಗಳು ಹೊಲಗಳತ್ತ ತಿರುಗುತ್ತಿದ್ದವು. ಸಂತಪುರದಲ್ಲಿ ಶಾಲೆಯ ಗೇಟು ಮಾತು ಕೊಟ್ಟಂತೆಯೇ ತೆರೆದಿತ್ತು. ಕಸ ಗುಡಿಸಿ, ರಂಗೋಲಿ ಹಾಕಿ, ಪ್ರತಿ ಕೋಣೆಯ ಬಾಗಿಲನ್ನೂ ತೆರೆದಿಟ್ಟಿದ್ದರು. ಒಳಗೆ ಬೆಂಚುಗಳಿದ್ದವು. ಮುಖ್ಯೋಪಾಧ್ಯಾಯರು ಮೂರು ಶಾಲು ಹಿಡಿದು ಒಬ್ಬರೇ ನಿಂತಿದ್ದರು.

ಸಂಯೋಜಕ ನನ್ನತ್ತ ತಿರುಗಿ, ಪ್ರಾಧ್ಯಾಪಕಿಗೆ ಕೇಳುವಂತೆ ಇಂಗ್ಲಿಷಿನಲ್ಲಿ, "ಮೇಡಂ, ಇದನ್ನ ನೀವು ಮೊದಲೇ ಹೇಳ್ಬೇಕಿತ್ತು" ಎಂದ.

ನಾನು ರಂಗೋಲಿ ತುಳಿಯದಂತೆ ದಾಟಿ ಮುಖ್ಯೋಪಾಧ್ಯಾಯರತ್ತ ನಡೆದೆ. ಉತ್ತರಿಸಿದ್ದರೆ ನನ್ನ ವಯಸ್ಸಿಗೂ ಹುದ್ದೆಗೂ ತಕ್ಕುದಲ್ಲದ ಮಾತು ಬರುತ್ತಿತ್ತು.

ಮಕ್ಕಳೆಲ್ಲಿ ಎಂದು ಪ್ರಾಧ್ಯಾಪಕಿ ಕೇಳಿದರು. "ಹೊಲದಾಗ ಅದಾರ್ರಿ, ನಡೀರಿ, ನಮ್ಮನಿ ಹೊಲ ಇಲ್ಲೇ ಅದ" ಎಂದರು ಮುಖ್ಯೋಪಾಧ್ಯಾಯರು. ಶಾಲುಗಳನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು.

ಎದೆಯೆತ್ತರದ ಬಿಳಿಜೋಳದ ನಡುವೆ ಜಾಗ ಮಾಡಿ, ದಂಟಿನ ಗೂಡು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು ಪೂಜೆ ಮಾಡಿದ್ದರು. ಅಕ್ಕಪಕ್ಕದ ಹೊಲಗಳ ಮಕ್ಕಳೂ ಅಲ್ಲೇ ನೆರೆದಿದ್ದರು. ಹೊಲದ ಸುತ್ತ ಚರಗ ಚೆಲ್ಲುತ್ತಿದ್ದ ಒಬ್ಬ ಹುಡುಗಿಯ ಹಿಂದೆ ಪ್ರಾಧ್ಯಾಪಕಿ ನಡೆದರು. ಮಾಡಿದ ಅಡುಗೆಯಲ್ಲಿ ಒಂದಿಷ್ಟನ್ನು ಬೆಳೆಗೂ ಭೂಮಿಗೂ ಎರಚುವ ಪದ್ಧತಿಯನ್ನು ನಾನು ವಿವರಿಸಿದೆ. ಕಾಳು, ಸೊಪ್ಪು, ಕಾಯಿಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿಯನ್ನು ಸಜ್ಜೆ ರೊಟ್ಟಿಯ ಮೇಲೆ ಬಡಿಸಿದಾಗ, ಅದರಲ್ಲಿ ಏನೇನಿದೆ, ಯಾವುದು ಯಾವ ಮಳೆಗೆ ಬಿತ್ತಿದ್ದು ಎಂದು ಅವರು ನನ್ನ ಮೂಲಕ ಕೇಳಿದರು. ಮಕ್ಕಳು ನಾಮುಂದು ತಾಮುಂದು ಎಂದು ಹೇಳತೊಡಗಿದರು. ಜೂನ್‌ನಿಂದ ಕಲಿತ ಪಾಠಗಳು ಒಂದೊಂದಾಗಿ ಬಂದವು. ಯಾರೂ ಒಪ್ಪಿಸುತ್ತಿರಲಿಲ್ಲ, ಜಗಳವಾಡುತ್ತಿದ್ದರು.

ಸಂಯೋಜಕ ಊಟಕ್ಕೆ ಕೂಡದೆ ಫೋನಿನಲ್ಲಿ ಚಿತ್ರ ತೆಗೆಯುತ್ತಲೇ ಇದ್ದ. ಮುಖ್ಯೋಪಾಧ್ಯಾಯರ ತಾಯಿ ಅಂಬಲಿಯ ತಂಬಿಗೆ ಹಿಡಿದು ನನ್ನನ್ನು ಕೇಳಿದರು:

"ಯಕ್ಕಾ, ಈ ತಮ್ಮಗ ಉಪಾಸ ಏನ್ರಿ? ಮುಂಜಾನಿಂದ ಬರೀ ಆ ಫೋನಿಗೇ ಉಣಸಾಕತ್ಯಾನ."

ಎಲ್ಲರೂ ನಕ್ಕರು. ಆ ನಗೆಯಲ್ಲಿ ನಾನೂ ಸೇರಿದೆನೆಂದು ಮರೆಮಾಚುವುದಿಲ್ಲ.

ಹೊರಡುವಾಗ ಪ್ರಾಧ್ಯಾಪಕಿ ನನ್ನ ಕೈ ಹಿಡಿದು, ನಿಮ್ಮ ಪಂಚಾಂಗ ಏನೆಂದು ಇಂದು ಅರ್ಥವಾಯಿತು ಎಂದರು. ನಾನು ಅದನ್ನು ನಂಬಿದೆ.

ಎರಡು ತಿಂಗಳ ನಂತರ ವರದಿ ಬಂತು. ಸಂಯೋಜಕ ಸಿದ್ಧಪಡಿಸಿದ್ದು; ಪ್ರಾಧ್ಯಾಪಕಿ ಒಪ್ಪಿದ್ದು. ಮುಖಪುಟದಲ್ಲಿ ಭಜ್ಜಿಯ ಚಿತ್ರವಿತ್ತು. ಸಂತಪುರದಲ್ಲಿ "ಯೋಜನೆಯ ತಂಡವು ವಿನ್ಯಾಸಗೊಳಿಸಿದ ಹೊಲದೂಟದ ಚಟುವಟಿಕೆ" ಅತ್ಯಂತ ಯಶಸ್ವಿಯಾಯಿತಂತೆ. ನೂರಾರು ವರ್ಷಗಳಿಂದ ನಮ್ಮವರು ಮಾಡುತ್ತ ಬಂದ ಹಬ್ಬವನ್ನು ನಮ್ಮ ತಂಡ ವಿನ್ಯಾಸಗೊಳಿಸಿತ್ತು! ಆ ಅವಮಾನವನ್ನಾದರೂ ನುಂಗಬಹುದಿತ್ತು. ನುಂಗಲಾಗದ್ದು ಶಿಫಾರಸು: ಮೂರೂ ದೇಶಗಳ ಶಾಲೆಗಳಲ್ಲಿ ಒಂದೇ ವೇಳಾಪಟ್ಟಿ, ಅದರಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಹೊಲದೂಟ.

ಸಭೆಯಲ್ಲಿ ಕೇಳಿದೆ: "ಏಪ್ರಿಲ್‌ನಲ್ಲಿ ನಮ್ಮ ಹೊಲಗಳಲ್ಲಿ ಬಿರುಕು ಬಿಟ್ಟ ಮಣ್ಣಲ್ಲದೆ ಏನೂ ಇರುವುದಿಲ್ಲ. ಮಕ್ಕಳಿಗೆ ಏನು ತಿನ್ನಿಸುತ್ತೀರಿ?"

"ಕೇಟರಿಂಗ್‌ಗೆ ಬಜೆಟ್ ಇದೆ ಮೇಡಂ. ನಿಮ್ಮ ಐಡಿಯಾನೇ ಅಲ್ವಾ ಇದು? ಎಲ್ಲಾ ಕಡೆ ತಗೊಂಡು ಹೋಗ್ತಿದೀವಿ ಅಷ್ಟೇ."

ಅಂದು ಅವನು ನನ್ನ ಮಾತನ್ನು ಅನುವಾದಿಸುವ ಮೊದಲೇ ಪ್ರಾಧ್ಯಾಪಕಿಗೆ ನೇರವಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಆ ಊಟ ಫಲ, ಪಾಠ ಅಲ್ಲ. ಆರು ತಿಂಗಳು ಮಕ್ಕಳು ಬೆಳೆಯ ಹಿಂದೆ ನಡೆದದ್ದರಿಂದ ಅಂದು ಬಾಯಿ ಬಿಚ್ಚಿದರು. ಆ ಆರು ತಿಂಗಳನ್ನು ತೆಗೆದುಹಾಕಿ ಊಟವನ್ನು ಉಳಿಸಿಕೊಳ್ಳುವುದಾದರೆ ನನ್ನ ಪ್ರಬಂಧವನ್ನೂ ಹೆಸರನ್ನೂ ಯೋಜನೆಯಿಂದ ತೆಗೆಯಿರಿ.

ಹಣ ಕೊಡುವವರಿಗೆ ಒಂದೇ ವೇಳಾಪಟ್ಟಿಯ ಮಾತು ಆಗಲೇ ಹೋಗಿಬಿಟ್ಟಿದೆ ಎಂದರು ಪ್ರಾಧ್ಯಾಪಕಿ. ಕೊನೆಗೆ, ಭಾಲ್ಕಿ ಮತ್ತು ಔರಾದಿನ ಶಾಲೆಗಳಲ್ಲಿ ಮಾತ್ರ ಪಂಚಾಂಗ ಮುಂದುವರಿಯಲಿ, ಅದನ್ನು ವಿಶೇಷ ವಿನಾಯಿತಿ ಎಂದು ದಾಖಲಿಸೋಣ ಎಂದರು.

ವಿನಾಯಿತಿ! ಯೋಜನೆಯ ಮೂಲವೇ ಯೋಜನೆಯೊಳಗೆ ವಿನಾಯಿತಿಯಾಯಿತು. ರಾಜೀನಾಮೆ ಕೊಡಬೇಕೆಂದು ನಿಶ್ಚಯಿಸಿ ಸಂತಪುರದ ಮುಖ್ಯೋಪಾಧ್ಯಾಯರಿಗೆ ತಿಳಿಸಿದೆ. ಅವರು ನನ್ನನ್ನು ಸಮಾಧಾನಪಡಿಸುವ ಗೋಜಿಗೆ ಹೋಗಲಿಲ್ಲ.

"ಬಿಟ್ರ ಬಿಡ್ರಿ ಮೇಡಂ ಅವ್ರ. ಆದ್ರ ನೀವು ಹೋದ ಮ್ಯಾಲ ಅಂವಾ ನಮಗೂ ಶನಿವಾರ ಶನಿವಾರ ಊಟಾ ಹಚ್ತಾನ. ಆಗ ನಾ ಯಾರ ಮುಂದ ಬಾಯಿ ಮಾಡ್ಲಿ? ನೀವಿದ್ರ ಜಗಳ ಆಡಾಕ ಒಬ್ಬರರೆ ಇರ್ತೀರಿ."

ನಾನು ಉಳಿದೆ. ಮುಖ್ಯಸ್ಥೆ ಎಂಬ ಗೌರವಕ್ಕಾಗಿ ಅಲ್ಲ; ಆ ಗೌರವ ಯಾವ ಬಗೆಯದೆಂದು ಬಲ್ಲೆ.

ಈ ಜೂನ್‌ನಲ್ಲಿ ಮೃಗಶಿರಾ ಮಳೆ ತಡವಾಗಿದೆ. ಉಳಿದ ಶಾಲೆಗಳಲ್ಲಿ ಬೀಜದ ಪಾಠ ವೇಳಾಪಟ್ಟಿಯಂತೆ ಮುಗಿದಿದೆ. ಭಾಲ್ಕಿ, ಔರಾದಿನ ಶಾಲೆಗಳಲ್ಲಿ ಇನ್ನೂ ಏಕೆ ಆರಂಭವಾಗಿಲ್ಲವೆಂದು ಸಂಯೋಜಕ ಕೇಳಿದ. ಮಳೆ ಬಂದಿಲ್ಲ ಎಂದು ಬರೆದೆ. ಮಳೆಯ ನಿರೀಕ್ಷಿತ ದಿನಾಂಕವನ್ನು ತಿಳಿಸಬೇಕೆಂದು, ವಿನಯಪೂರ್ವಕವಾಗಿ, ಅವನು ಮತ್ತೆ ಬರೆದಿದ್ದಾನೆ. ಅದಕ್ಕೆ ನಾನು ಉತ್ತರಿಸಿಲ್ಲ. ಪಾಠವನ್ನೂ ಆರಂಭಿಸಿಲ್ಲ.